ರೇಟಿಂಗ್ ಚೆನ್ನಾಗಿದೆ, ಅಮ್ಮನ ಫೋನ್ ಮಾತ್ರ ಎತ್ತಲಾಗುತ್ತಿಲ್ಲ

ಪ್ರಶ್ನೆ: ನನಗೆ 38 ವರ್ಷ. ಊರು ಹಾಸನ ಹತ್ತಿರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರ್. ಮೂರು ವರ್ಷದಿಂದ ಟಾಪ್ ರೇಟಿಂಗ್ ಬರುತ್ತಿದೆ. ಏಪ್ರಿಲ್‌ನಲ್ಲಿ ಪ್ರಮೋಷನ್ನೂ ಆಯಿತು. ಆ ಮೇಲ್ ಬಂದಾಗ ನನಗೆ ಏನೂ ಅನಿಸಲಿಲ್ಲ. ಓದಿ ಮುಚ್ಚಿ ಮುಂದಿನ ಮೇಲ್ ತೆರೆದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳು, ಮತ್ತೆ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಅಮೆರಿಕದವರ ಕಾಲ್. ಟೀಮಿನಲ್ಲಿ ಇಬ್ಬರು ಬಿಟ್ಟು ಹೋದರು, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹೋದ ತಿಂಗಳು ಒಂದು ಕಾಲ್ ನಡೆಯುತ್ತಿದ್ದಾಗ ಮ್ಯೂಟ್ ಹಾಕಿಕೊಂಡು ಅಳುತ್ತಿದ್ದೆ. ಯಾರೋ ನನ್ನ ಹೆಸರು ಕರೆದರು. ಮ್ಯೂಟ್ ತೆಗೆದು ‘ಶುಕ್ರವಾರದೊಳಗೆ ಆಗುತ್ತೆ’ ಅಂದೆ. ದನಿ ಒಂಚೂರೂ ನಡುಗಲಿಲ್ಲ. ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಊರಿಂದ ಅಮ್ಮ ಫೋನ್ ಮಾಡಿದರೆ ರಿಂಗ್ ನಿಲ್ಲುವವರೆಗೂ ನೋಡುತ್ತಾ ಕೂತಿರುತ್ತೇನೆ. ಆಮೇಲೆ ‘ಮೀಟಿಂಗ್‌ನಲ್ಲಿದ್ದೀನಿ ಅಮ್ಮ’ ಅಂತ ಮೆಸೇಜ್ ಹಾಕುತ್ತೇನೆ. ಮೀಟಿಂಗ್ ಇರುವುದಿಲ್ಲ. ದೋಸೆಗೆ ಚಟ್ನಿನಾ ಪಲ್ಯನಾ ಅಂತ ಮಗಳು ಕೇಳಿದ್ದಕ್ಕೆ ಕಿರುಚಿಬಿಟ್ಟೆ. ರಾತ್ರಿ ಮೂರಕ್ಕೆ ಎಚ್ಚರ. ಸಹೋದ್ಯೋಗಿಯೊಬ್ಬಳು ಕೊಟ್ಟ ನಿದ್ದೆ ಮಾತ್ರೆಯನ್ನು ವಾರಕ್ಕೆ ಎರಡು ಸಲ ಅರ್ಧ ತೆಗೆದುಕೊಳ್ಳುತ್ತೇನೆ. ಹೇಳಲು ನಾಚಿಕೆ, ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂತಾಗ ಒಮ್ಮೊಮ್ಮೆ ‘ಸಣ್ಣದೊಂದು ಆಕ್ಸಿಡೆಂಟ್ ಆಗಿ ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗುವಂತಾದರೆ ಎಷ್ಟು ಚೆಂದ’ ಅನಿಸುತ್ತದೆ. ಕೆಲಸ ಚೆನ್ನಾಗಿ ಆಗುತ್ತಿರುವಾಗ ಬರ್ನ್‌ಔಟ್ ಹೇಗಾಗುತ್ತೆ ಅಂತಾಳೆ ಗೆಳತಿ. ಗಂಡ ಒಂದು ವಾರ ಕೊಡಗಿಗೆ ಹೋಗೋಣ ಅಂತಾರೆ. ಅತ್ತೆ ದೃಷ್ಟಿ ತೆಗೆದರು. ಇದು ಬರ್ನ್‌ಔಟಾ, ಡಿಪ್ರೆಶನ್ನಾ, ಅಥವಾ ನಾನು ಸೋಮಾರಿ ಆಗುತ್ತಿದ್ದೇನಾ? ಕೆಲಸ ಬಿಟ್ಟುಬಿಡಲಾ? ಮನೆ ಸಾಲದ ಕಂತು ಇದೆ, ಆರು ತಿಂಗಳಿಗೆ ಸಾಕಾಗುವಷ್ಟು ಉಳಿತಾಯ ಇದೆ. ಮನೋವೈದ್ಯರ ಹತ್ತಿರ ಹೋದರೆ ಕಂಪನಿಗೆ ಗೊತ್ತಾಗುತ್ತಾ?

ಉತ್ತರ:

ನಿಮ್ಮ ಪತ್ರದಲ್ಲಿ ಯಾರಿಗೇ ಆದರೂ ಮೊದಲು ಕಣ್ಣಿಗೆ ಬೀಳುವುದು ಮ್ಯೂಟ್ ಹಾಕಿ ಅತ್ತ ಸಾಲು. ನಾನು ವಾಪಸ್ ಹೋಗಿ ಇನ್ನೊಮ್ಮೆ ಓದಿದ್ದು ಅಮ್ಮನ ಫೋನಿನ ಸಾಲನ್ನು. ಯಾಕೆ ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಬರೀ ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ನಾನು ಇಡುವುದೂ ಇಲ್ಲ. ಆದರೆ ನೀವು ಬರೆದಿರುವುದು ನನಗೆ ಹೊಸದಲ್ಲ. ಸಂಜೆ ಕ್ಲಿನಿಕ್‌ಗೆ ನಿಮ್ಮಂಥವರು ಬರುತ್ತಲೇ ಇರುತ್ತಾರೆ. ಐಟಿಯವರು, ಬ್ಯಾಂಕ್ ಮ್ಯಾನೇಜರ್‌ಗಳು, ಸಿಎಗಳು, ಡಾಕ್ಟರ್‌ಗಳು. ಕುರ್ಚಿ ಎಳೆದುಕೊಂಡು ಕೂತ ತಕ್ಷಣ ಮುಕ್ಕಾಲು ಪಾಲು ಜನ ಹೇಳುವುದು ಒಂದೇ ಮಾತು: ‘ಕೆಲಸದಲ್ಲಿ ಏನೂ ತೊಂದರೆ ಇಲ್ಲ ಡಾಕ್ಟ್ರೇ.’

ನಿಮ್ಮ ಗೆಳತಿಯ ಮಾತು ಅಲ್ಲಿಂದಲೇ ಬಂದಿದ್ದು. ಬರ್ನ್‌ಔಟ್ ಅಂದರೆ ಕೆಲಸದ ಒತ್ತಡದಲ್ಲಿ ಒಳಗೆಲ್ಲ ಬರಿದಾಗುವುದು. ಕೆಲಸ ಕೆಟ್ಟರೆ ಮಾತ್ರ ಬರ್ನ್‌ಔಟ್ ಅಂತ ಅವರು ಅಂದುಕೊಂಡಿದ್ದಾರೆ. ಚೆನ್ನಾಗಿ ಕೆಲಸ ಮಾಡುವವರಲ್ಲಿ ಅದು ತಲೆಕೆಳಗು. ಕೆಲಸ ಕೆಡುವುದು ಎಲ್ಲಕ್ಕಿಂತ ಕೊನೆಗೆ.

ರೈತರ ಮನೆಯಲ್ಲಿ ಬಿತ್ತನೆಗೆ ಅಂತ ಒಂದಷ್ಟು ರಾಗಿ ಎತ್ತಿಟ್ಟಿರುತ್ತಾರೆ ಅಲ್ವಾ? ಮನೆಯ ಕಾಳು ಮುಗಿಯಿತು, ನೆಂಟರು ಬಂದು ಕೂತಿದ್ದಾರೆ, ಆ ಬೀಜದ ರಾಗಿಯನ್ನೇ ಬೀಸಿ ಮುದ್ದೆ ಕಟ್ಟಿ ಬಡಿಸಿದರು ಅಂದುಕೊಳ್ಳಿ. ಮುದ್ದೆ ಚೆನ್ನಾಗೇ ಇರುತ್ತೆ. ಉಂಡವರಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಟಾಪ್ ರೇಟಿಂಗ್ ಆ ಮುದ್ದೆ. ಅದು ಯಾವ ಚೀಲದಿಂದ ಬಂತು ಅಂತ ರೇಟಿಂಗ್ ಕೊಟ್ಟವರು ಕೇಳುವುದಿಲ್ಲ. ಕೇಳಬೇಕಾದವರು ನೀವು.

ಚೀಲ ಖಾಲಿಯಾಗುವುದಕ್ಕೂ ಒಂದು ಕ್ರಮ ಇದೆ. ನಾನು ಕಂಡಂತೆ ಮೊದಲು ಹೋಗುವುದು ನಮ್ಮ ಖುಷಿಗೆ ಅಂತ ಮಾಡುತ್ತಿದ್ದ ಕೆಲಸಗಳು. ಸಂಗೀತದ ಪಾಠ, ಬೆಳಗಿನ ವಾಕಿಂಗ್, ಬಾಲ್ಕನಿಯ ಗಿಡ. ಆಮೇಲೆ ಗೆಳೆಯರು. ಆಮೇಲೆ ಮನೆಯವರ ಮೇಲಿನ ತಾಳ್ಮೆ. ಆಮೇಲೆ ನಿದ್ದೆ, ಹೊಟ್ಟೆ, ಬೆನ್ನು. ಇಷ್ಟೂ ಆದಮೇಲೆ ಕೆಲಸ. ಯಾಕೆಂದರೆ ಅದನ್ನು ಉಳಿಸಿಕೊಳ್ಳಲು ಉಳಿದದ್ದನ್ನೆಲ್ಲ ಒಂದೊಂದಾಗಿ ಒತ್ತೆ ಇಡುತ್ತಾ ಬಂದಿರುತ್ತಾರೆ.

ಒಬ್ಬ ಸಿಎ ಬಂದಿದ್ದರು. ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳುತ್ತೇನೆ. ಸೆಪ್ಟೆಂಬರ್ 30ರ ಆಡಿಟ್ ಗಡುವಿಗೆ ಒಬ್ಬ ಕ್ಲೈಂಟಿನ ರಿಪೋರ್ಟನ್ನೂ ಅವರು ತಪ್ಪಿಸಿರಲಿಲ್ಲ. ಅದೇ ವರ್ಷ ತಮ್ಮ ಸ್ವಂತ ರಿಟರ್ನ್ ಸಲ್ಲಿಸುವುದನ್ನು ಮರೆತಿದ್ದರು. ಕಾರಿನ ಇನ್ಶೂರೆನ್ಸ್ ಮುಗಿದು ಎರಡು ತಿಂಗಳಾಗಿತ್ತು. ಮಗನ ಶಾಲೆಯಿಂದ ಫೀಸಿಗೆ ಮೂರನೇ ನೋಟಿಸ್ ಬಂದಿತ್ತು. ದುಡ್ಡಿಗೆ ಕೊರತೆ ಇರಲಿಲ್ಲ, ಬಟನ್ ಒತ್ತಲು ಆಗುತ್ತಿರಲಿಲ್ಲ. ಆಫೀಸಿನಲ್ಲಿ ಅವರಿಗೆ ‘ಮಷೀನ್’ ಅಂತ ಅಡ್ಡಹೆಸರು. ಹೊಗಳಿಕೆಗೆ ಇಟ್ಟ ಹೆಸರು ಅದು.

ಹಾಗಾಗಿ ನಿಮ್ಮಂಥವರು ಬಂದಾಗ ‘ಕೆಲಸ ಹೇಗೆ ನಡೀತಿದೆ’ ಅಂತ ನಾನು ಕೇಳುವುದು ಕಡಿಮೆ. ಬೇರೆ ಕೇಳುತ್ತೇನೆ. ಎರಡು ವರ್ಷದ ಹಿಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎಷ್ಟು ಹೊತ್ತು ಬೇಕು? ಒಂದು ಮೇಲ್ ಕಳಿಸುವ ಮುಂಚೆ ಎಷ್ಟು ಸಲ ಓದುತ್ತೀರಿ? ಭಾನುವಾರ ಎಷ್ಟು ಗಂಟೆಗೆ ಸೋಮವಾರದ ಸಂಕಟ ಶುರುವಾಗುತ್ತೆ? ಹೋದ ವಾರ ಯಾರ ಫೋನನ್ನು ಬೇಕಂತಲೇ ಎತ್ತಲಿಲ್ಲ? ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ತುಂಬ ಜನ ತಲೆ ತಗ್ಗಿಸುತ್ತಾರೆ. ನೀವು ಕೇಳುವ ಮೊದಲೇ ಬರೆದಿದ್ದೀರಿ. ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅಮ್ಮ ಏನನ್ನೂ ಕೇಳುವುದೂ ಇಲ್ಲ, ‘ಊಟ ಆಯ್ತಾ’ ಅಂತ ಕೇಳುತ್ತಾರೆ ಅಷ್ಟೆ. ಅಷ್ಟಕ್ಕೆ ಉತ್ತರ ಕೊಡುವಷ್ಟೂ ಒಳಗೆ ಉಳಿದಿಲ್ಲ. ಚಟ್ನಿನಾ ಪಲ್ಯನಾ ಅನ್ನುವುದೂ ಇದೇ. ದಿನಕ್ಕೆ ನೂರು ತೀರ್ಮಾನ ಮಾಡಿ ಬಂದವರಿಗೆ ನೂರಾ ಒಂದನೆಯದು ಅದು.

ಬರ್ನ್‌ಔಟ್ ಅನ್ನುವ ಪದ ಐಟಿಯವರಿಂದ ಬಂದಿದ್ದಲ್ಲ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಇದರ ಬಗ್ಗೆ ಬರೆದರು. ಹಗಲು ಸ್ವಂತ ಪ್ರಾಕ್ಟೀಸ್, ಸಂಜೆಯಿಂದ ಅಲ್ಲಿ ಸೇವೆ. ಅವರೇ ಸೋತು ಸುಣ್ಣ ಆಗಿದ್ದರು. ಅವರು ಗಮನಿಸಿದ್ದು ಒಂದನ್ನು: ಮೈಗಳ್ಳರು ಕುಸಿಯುತ್ತಿರಲಿಲ್ಲ, ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡವರೇ ಕುಸಿಯುತ್ತಿದ್ದರು. ಸೋಮಾರಿತನದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಐವತ್ತು ವರ್ಷದ ಹಿಂದೆಯೇ ಸಿಕ್ಕ ಉತ್ತರ ಇದು. ಸೋಮಾರಿಗೆ ಕೆಲಸ ಬಿಟ್ಟು ಮಲಗಿದರೆ ನೆಮ್ಮದಿ. ನಿಮಗೆ ಮಲಗಿದರೂ ಇಲ್ಲ.

ಆಮೇಲೆ ಅಮೆರಿಕದವರೇ ಆದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿ ತಯಾರಿಸಿದರು. ಅದು ಬಂದಿದ್ದು 1981ರಲ್ಲಿ. ಅವರ ಪ್ರಕಾರ ಬರ್ನ್‌ಔಟ್‌ಗೆ ಮೂರು ಮುಖ. ಬರಿದಾಗುವ ದಣಿವು ಒಂದು. ಕೆಲಸದ ಬಗ್ಗೆ, ಜನರ ಬಗ್ಗೆ ಒಂಥರಾ ಮರಗಟ್ಟಿದ ಭಾವ ಎರಡನೆಯದು. ಮಾಡಿದ್ದೆಲ್ಲ ವ್ಯರ್ಥ, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲೂ ಹೆಚ್ಚುಕಡಿಮೆ ಇವೇ ಮೂರು ಇವೆ. ಆದರೆ ಅಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಿದ್ದರಿಂದ ಆಗುವ ಸ್ಥಿತಿ ಅಂತ ಕರೆದಿದ್ದಾರೆ. ಅಂದರೆ ಕೆಟ್ಟಿರುವುದು ನಿಮ್ಮೊಳಗಿನ ಯಾವುದೋ ಭಾಗ ಮಾತ್ರ ಅಲ್ಲ. ನಿಮಗೂ ಕೆಲಸಕ್ಕೂ ನಡುವಿನ ಲೆಕ್ಕ ಕೆಟ್ಟಿದೆ.

ಆ ಎರಡನೆಯ ಮುಖ ಮೋಸದ್ದು. ದಣಿವು ಎಲ್ಲರಿಗೂ ಗೊತ್ತಾಗುತ್ತೆ, ಮರಗಟ್ಟುವುದು ಗೊತ್ತಾಗುವುದಿಲ್ಲ. ನನ್ನದೇ ಹೇಳುತ್ತೇನೆ. ಎಂಡಿ ಓದುವಾಗ ಸತತ ಡ್ಯೂಟಿ. ಒಂದು ದಿನ ರೋಗಿಯ ಹೆಂಡತಿ ಕಾರಿಡಾರಿನಲ್ಲಿ ತಡೆದು ‘ನಮ್ಮ ಯಜಮಾನ್ರು ಹೇಗಿದಾರೆ’ ಅಂದರು. ‘ಯಾರು, ಹನ್ನೆರಡನೇ ಬೆಡ್ಡಾ?’ ಅಂದೆ. ಆ ಹೆಂಗಸು ಒಂದು ಕ್ಷಣ ಸುಮ್ಮನಿದ್ದು ಗಂಡನ ಹೆಸರು ಹೇಳಿದರು. ಮೂರು ವಾರದಿಂದ ದಿನಾ ನೋಡುತ್ತಿದ್ದ ಮನುಷ್ಯ. ಹೆಸರು ನನಗೆ ಗೊತ್ತಿರಲಿಲ್ಲ. ಚಿಕಿತ್ಸೆಯಲ್ಲಿ ಏನೂ ತಪ್ಪಾಗಿರಲಿಲ್ಲ, ಕೇಸ್ ಶೀಟ್ ಅಚ್ಚುಕಟ್ಟಾಗಿತ್ತು. ಪ್ರಮೋಷನ್ ಮೇಲ್ ಓದಿ ಏನೂ ಅನಿಸದೆ ಮುಚ್ಚಿದೆ ಅಂತ ನೀವು ಬರೆದಾಗ ನನಗೆ ಆ ಕಾರಿಡಾರ್ ನೆನಪಾಯಿತು. ಮ್ಯೂಟ್ ತೆಗೆದಾಗ ದನಿ ನಡುಗಲಿಲ್ಲ ಎಂದು ನಿಮಗೆ ಹೆದರಿಕೆ ಆಗಿದೆ. ಹೆದರಿಕೆ ಆಗಿದ್ದು ಒಳ್ಳೆಯದೇ ಆಯಿತು.

ಈಗ ಡಿಪ್ರೆಶನ್ ವಿಷಯ. ಎರಡಕ್ಕೂ ನಡುವೆ ಗೋಡೆ ಇಲ್ಲ, ದಾಟಿ ಹೋಗುವುದು ಸುಲಭ. ಒರಟಾಗಿ ಹೇಳುವುದಾದರೆ, ಬರ್ನ್‌ಔಟ್ ಕೆಲಸಕ್ಕೆ ಅಂಟಿಕೊಂಡು ಇರುತ್ತೆ. ಕೆಲಸದಿಂದ ನಿಜವಾಗಿ ದೂರ ಹೋದರೆ, ನಾಲ್ಕೈದು ದಿನದಲ್ಲಿ ಹಳೆಯ ನೀವು ಸ್ವಲ್ಪವಾದರೂ ಕಾಣಿಸುತ್ತೀರಿ. ಕಾಫಿ ರುಚಿಸುತ್ತೆ, ಮಗಳ ಮಾತಿಗೆ ನಗು ಬರುತ್ತೆ. ಡಿಪ್ರೆಶನ್ ಹಾಗಲ್ಲ, ಕೊಡಗಿನ ಹೋಮ್‌ಸ್ಟೇಗೂ ನಿಮ್ಮ ಜೊತೆಯಲ್ಲೇ ಬರುತ್ತೆ. ಎರಡು ವಾರ ಮೀರಿ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಖುಷಿ ಇಲ್ಲದಿದ್ದರೆ, ‘ನಾನು ಯಾರಿಗೂ ಬೇಡದವಳು’ ಎನ್ನುವ ಅಪರಾಧಿ ಭಾವ ಇದ್ದರೆ, ಹಸಿವು ನಿದ್ದೆ ಎರಡೂ ಕೆಟ್ಟಿದ್ದರೆ ಅದನ್ನು ಡಿಪ್ರೆಶನ್ ಅಂತಲೇ ನೋಡಬೇಕಾಗುತ್ತದೆ. ಮೂರು ಗಂಟೆಗೆ ಎಚ್ಚರವಾಗುವುದು ಎರಡರಲ್ಲೂ ಇರಬಹುದು. ಅದಕ್ಕೇ ಒಮ್ಮೆ ಎದುರು ಕೂತು ಮಾತಾಡಬೇಕು ಅನ್ನುವುದು. ‘ಬರ್ನ್‌ಔಟ್’ ಎಂಬ ಗೌರವದ ಹೆಸರಿನ ಹಿಂದೆ ಡಿಪ್ರೆಶನ್ ಅಡಗಿ ಕೂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಬರ್ನ್‌ಔಟ್ ಅಂದರೆ ತುಂಬ ದುಡಿದವರು ಅಂತ ಅರ್ಥ ಬರುತ್ತೆ, ಡಿಪ್ರೆಶನ್ ಅಂದರೆ ಏನೋ ಕಡಿಮೆ ಆದ ಹಾಗೆ. ಜನ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ.

ಆಕ್ಸಿಡೆಂಟಿನ ಯೋಚನೆಗೆ ನಾಚಿಕೆ ಪಡಬೇಡಿ. ಕೈಕಾಲಿಗೆ ಪ್ಲಾಸ್ಟರ್ ಬಿದ್ದರೆ ಯಾರೂ ಕೆಲಸ ಹೇಳುವುದಿಲ್ಲವಲ್ಲ ಅಂತ ಆಸೆ ಪಟ್ಟವರನ್ನು ನಾನು ಬಹಳ ನೋಡಿದ್ದೇನೆ. ಕಾರಣ ಹೇಳದೆ ರಜೆ ಸಿಗುವ ದಾರಿ ಮನಸ್ಸಿಗೆ ಬೇರೆ ಹೊಳೆದಿಲ್ಲ, ಅಷ್ಟೆ. ಆದರೆ ಅದನ್ನು ನಾನು ಹಗುರವಾಗಿ ಬಿಡುವುದಿಲ್ಲ. ‘ಹದಿನೈದು ದಿನ ಮಲಗಿದರೆ’ ಎನ್ನುವುದು ‘ಏಳದೇ ಇದ್ದರೆ’ ಎಂದು ಯಾವತ್ತಾದರೂ ತಿರುಗಿದೆಯಾ? ನಿಮ್ಮನ್ನು ನೀವೇ ಕೇಳಿಕೊಳ್ಳಿ. ತಿರುಗಿದ್ದರೆ ಈ ಉತ್ತರದ ಉಳಿದ ಭಾಗ ಆಮೇಲೆ ಓದಿ. ಇವತ್ತೇ ಗಂಡನಿಗೆ ಹೇಳಿ, ಇವತ್ತೇ ಒಬ್ಬ ಮನೋವೈದ್ಯರನ್ನು ಕಾಣಿ. ರಾತ್ರಿ ಹೊತ್ತಾದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಮನಸ್ಸಿನ ಮಾತು ಆಡುವ ಮುನ್ನ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಥೈರಾಯ್ಡ್ ಕಡಿಮೆ ಇರುವುದು, ರಕ್ತ ಕಡಿಮೆ ಇರುವುದು ಅಪರೂಪ ಅಲ್ಲ. ಎರಡೂ ಥೇಟ್ ಬರ್ನ್‌ಔಟ್ ಥರವೇ ಕಾಣುತ್ತವೆ. ಗೊರಕೆ ಜೋರಾಗಿದ್ದರೆ ಅದನ್ನೂ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ‘ಅಡ್ರಿನಲ್ ಫಟೀಗ್’, ಅಂದರೆ ಅಡ್ರಿನಲ್ ಗ್ರಂಥಿ ದಣಿದಿದೆ, ಅಂತ ಹೇಳಿ ಡಬ್ಬಿ ಮಾರುವವರು ಸಿಗುತ್ತಾರೆ. ವೈದ್ಯಕೀಯದಲ್ಲಿ ಅಂಥ ಕಾಯಿಲೆಯೇ ಇಲ್ಲ. ದುಡ್ಡು ಉಳಿಸಿಕೊಳ್ಳಿ.

ನಿದ್ದೆ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಆಫೀಸುಗಳಲ್ಲಿ ಕೈಯಿಂದ ಕೈಗೆ ಓಡಾಡುವುದು ಹೆಚ್ಚಾಗಿ ಅಲ್ಪ್ರಾಜೋಲಮ್ ಎಂಬ ಆತಂಕದ ಮಾತ್ರೆ. ಮೊದಮೊದಲು ಅರ್ಧ, ಆಮೇಲೆ ಒಂದು, ಆಮೇಲೆ ಅದಿಲ್ಲದೆ ನಿದ್ದೆಯೇ ಇಲ್ಲ. ಕೆಲವೇ ವಾರ ಸಾಕು. ಹೆಂಡದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಇನ್ನೊಬ್ಬರ ಸ್ಟ್ರಿಪ್ ವಾಪಸ್ ಕೊಟ್ಟುಬಿಡಿ. ವಾರಕ್ಕೆ ಎರಡು ಸಲ ಅಂತ ಬರೆದಿದ್ದೀರಿ. ನಿಜವಾಗಿ ದಿನಾ ಆಗಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರು ನಿಧಾನಕ್ಕೆ ಇಳಿಸುತ್ತಾರೆ.

ಹೀಗೆ ಯಾಕಾಯಿತು? ಜಾಸ್ತಿ ಹೊತ್ತು ದುಡಿದಿದ್ದಕ್ಕೆ ಅಂದರೆ ಅರ್ಧ ಉತ್ತರ. ಆ ಅರ್ಧವೂ ಸಣ್ಣದಲ್ಲ. ನೀವು ಬರೆದ ಲೆಕ್ಕ ಕೂಡಿಸಿದರೆ ದಿನಕ್ಕೆ 11 ಗಂಟೆ, ಶನಿವಾರ ಬಿಟ್ಟೇ ವಾರಕ್ಕೆ 55. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಅದಕ್ಕಿಂತ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ. ನಮ್ಮಲ್ಲಿ 2023ರಿಂದ ವಾರಕ್ಕೆ 70 ಗಂಟೆಯ ಚರ್ಚೆ ನಡೆದೇ ಇದೆ. ಆ ಚರ್ಚೆಯಲ್ಲಿ ಬಿಪಿ ನೋಡುವವರ ಮಾತು ಕೇಳಿದ್ದು ಕಡಿಮೆ.

ಆದರೆ ಅಷ್ಟೇ ಗಂಟೆ ದುಡಿದೂ ಬಾಡದವರು ಇದ್ದಾರೆ. ಸುಗ್ಗಿ ಕಾಲದ ರೈತನಿಗೆ ಗಂಟೆ ಲೆಕ್ಕ ಇಲ್ಲ. ವ್ಯತ್ಯಾಸ ಎಲ್ಲಿದೆ ಅಂದರೆ, ಮ್ಯಾಸ್ಲಾಕ್ ಮತ್ತು ಅವರ ಜೊತೆಗಾರ ಮೈಕೆಲ್ ಲೈಟರ್ ಕೆಲಸದಲ್ಲಿ ಆರು ಜಾಗ ನೋಡಿ ಅನ್ನುತ್ತಾರೆ. ಹೊರೆ, ಕೈಯಲ್ಲಿರುವ ಅಧಿಕಾರ, ಪ್ರತಿಫಲ, ಜೊತೆಯವರು, ನ್ಯಾಯ, ಮೌಲ್ಯ. ನಿಮ್ಮ ಪತ್ರವನ್ನು ಇದರ ಪಕ್ಕ ಇಟ್ಟು ನೋಡಿದೆ. ಹೊರೆ ಜಾಸ್ತಿ ಆಗಿದೆ, ಅದು ಕಾಣುತ್ತೆ. ನನ್ನ ಅನುಮಾನ ಎರಡನೆಯದರ ಮೇಲೆ. ಪ್ರಮೋಷನ್ ಆದಮೇಲೆ ಜವಾಬ್ದಾರಿ ಬಂತು. ಆ ಇಬ್ಬರ ಜಾಗ ತುಂಬುವ ಅಧಿಕಾರ ನಿಮಗಿದೆಯಾ? ‘ಶುಕ್ರವಾರ ಆಗಲ್ಲ, ಮುಂದಿನ ಬುಧವಾರ’ ಅಂತ ಹೇಳುವ ಹಕ್ಕಿದೆಯಾ? ಇಲ್ಲದಿದ್ದರೆ ನಿಮಗೆ ಸಿಕ್ಕಿದ್ದು ಹುದ್ದೆಯ ಹೆಸರು, ಜೊತೆಗೆ ಎರಡು ಜನರ ಕೆಲಸ.

ಇನ್ನೊಂದು ಸಂಗತಿ ಇದೆ. ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ. ಎಳೆಯುವ ಎತ್ತಿಗೇ ಹೊರೆ ಜಾಸ್ತಿ. ಬೆಂಕಿ ಆರಿಸುವವಳು ಇದ್ದಾಳೆ ಅಂತ ಗೊತ್ತಾದರೆ ಬೆಂಕಿ ಹತ್ತದ ಹಾಗೆ ನೋಡಿಕೊಳ್ಳುವ ಆತುರ ಮೇಲಿನವರಿಗೆ ಇರುವುದಿಲ್ಲ. ಆ ಇಬ್ಬರ ಜಾಗ ಖಾಲಿ ಉಳಿದಿರುವುದಕ್ಕೆ ಒಂದು ಕಾರಣ ನೀವೇ. ನೀವು ತುಂಬಿಕೊಡುತ್ತಿದ್ದೀರಿ. ತಪ್ಪು ನಿಮ್ಮದು ಅನ್ನುತ್ತಿಲ್ಲ. ಚಿಕ್ಕಂದಿನಿಂದ ‘ನಮ್ಮ ಹುಡುಗಿ ಎಲ್ಲ ಮಾಡ್ತಾಳೆ’ ಅಂತ ಕೇಳಿಸಿಕೊಂಡು ಬೆಳೆದವರಿಗೆ ‘ಆಗಲ್ಲ’ ಅನ್ನುವ ಪದ ಗಂಟಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ನಿಮ್ಮ ಮನೆಯಲ್ಲಿ ಹಾಗಿತ್ತೋ ಇಲ್ಲವೋ, ನೀವೇ ನೋಡಿಕೊಳ್ಳಿ.

ರಾತ್ರಿಯ ಕಾಲ್ ಇದೆಯಲ್ಲ, ಹೊತ್ತಿನ ಲೆಕ್ಕಕ್ಕೆ ಒಂದೂವರೆ ಗಂಟೆ ಅಷ್ಟೆ. ಅದು ತಿನ್ನುವುದು ಇಡೀ ಸಂಜೆಯನ್ನು. ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೂ ಒಂಬತ್ತೂವರೆ ತಲೆಯಲ್ಲಿ ಕೂತಿರುತ್ತೆ. ಅಡುಗೆ ಮಾಡುವಾಗ, ಮಗಳ ಹೋಂವರ್ಕ್ ನೋಡುವಾಗ ಅರ್ಧ ಕಿವಿ ಅಲ್ಲೇ. ಹನ್ನೊಂದಕ್ಕೆ ಮುಗಿದ ಮೇಲೆ ಮೈ ಇಳಿಯಲು ಇನ್ನೊಂದು ಗಂಟೆ. ಕೆಲಸ ಪೂರ್ತಿ ತಲೆಯಿಂದ ಇಳಿದ ಹೊತ್ತು ಮಾತ್ರ ನಿಜವಾದ ವಿಶ್ರಾಂತಿ. ನಿಮ್ಮ ದಿನದಲ್ಲಿ ಅಂಥ ಹೊತ್ತೇ ಇಲ್ಲ. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಈ ಕಾಲ್ ಹತ್ತೂವರೆಗೆ ಹೋಗುತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಏನು ಮಾಡಬಹುದು ಅಂತ ನೋಡೋಣ.

ನಿಮ್ಮ ಗಂಡ ಹೇಳಿದ ಕೊಡಗು ಪ್ರವಾಸ ಬೇಡ ಅನ್ನುವುದಿಲ್ಲ. ಆದರೆ ಅದರಿಂದ ವಾಸಿ ಆಗುತ್ತೆ ಅಂತ ನಂಬಿ ಹೋಗಬೇಡಿ. ರಜೆಯಲ್ಲಿ ಬರ್ನ್‌ಔಟ್ ಇಳಿಯುತ್ತೆ, ವಾಪಸ್ ಬಂದ ಮೂರು ವಾರದಲ್ಲಿ ಮೊದಲಿದ್ದಲ್ಲಿಗೇ ಏರುತ್ತೆ ಅಂತ ತೊಂಬತ್ತರ ದಶಕದಲ್ಲೇ ಅಳೆದು ನೋಡಿದ್ದಾರೆ. ಬಿಟ್ಟು ಹೋದ ಕೆಲಸ ಹಾಗೇ ಕಾಯುತ್ತಿದ್ದರೆ ಇನ್ನೇನಾಗುತ್ತೆ? ರಜೆಯಿಂದ ಬೇರೊಂದು ಉಪಯೋಗ ಇದೆ. ಫೋನ್ ನಿಜವಾಗಿ ಆಫ್ ಮಾಡಿ ಐದಾರು ದಿನ ಇದ್ದು, ಖುಷಿ ತಿರುಗಿ ಬರುತ್ತಾ ನೋಡಿ. ಬರದಿದ್ದರೆ ನಿಮ್ಮ ವೈದ್ಯರಿಗೆ ಅದು ದೊಡ್ಡ ಸುಳಿವು. ಒಂದು ವಾರ ಸಾಲದು ಅನಿಸಿದರೆ ವೈದ್ಯಕೀಯ ರಜೆ ಮೂರು ನಾಲ್ಕು ವಾರ ತೆಗೆದುಕೊಳ್ಳಬಹುದು. ಅದರ ಅಪಾಯ ಅಂದರೆ, ಏನೂ ಬದಲಾಯಿಸದೆ ತೆಗೆದುಕೊಂಡರೆ ರಾಶಿ ಬಿದ್ದ ಕೆಲಸಕ್ಕೆ ವಾಪಸ್ ಬರುತ್ತೀರಿ.

ಹಾಗಾಗಿ ರಜೆಗೆ ಮುಂಚೆಯೇ ಮ್ಯಾನೇಜರ್ ಜೊತೆ ಮಾತು ಆಗಬೇಕು. ಆ ಮಾತಿನಲ್ಲಿ ‘ಬರ್ನ್‌ಔಟ್’ ಪದ ಬಳಸಬೇಡಿ ಅನ್ನುವುದು ನನ್ನ ಸಲಹೆ. ನನ್ನ ಜೊತೆಯ ಕೆಲವು ವೈದ್ಯರು ಇದನ್ನು ಒಪ್ಪುವುದಿಲ್ಲ, ಮುಚ್ಚಿಡುವುದರಿಂದಲೇ ಇದು ಬೆಳೆಯುವುದು ಅಂತಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ಆ ಪದ ಹೇಳಿದ ತಕ್ಷಣ ಮಾತು ನಿಮ್ಮ ಆರೋಗ್ಯದ ಕಡೆ ತಿರುಗುತ್ತೆ, ಯೋಗದ ಆ್ಯಪ್ ಒಂದರ ಲಿಂಕ್ ಬರುತ್ತೆ. ಕೆಲಸದ ಲೆಕ್ಕವನ್ನೇ ಮುಂದಿಡಿ. ಇಷ್ಟು ಜನರ ಕೆಲಸ, ಇಬ್ಬರು ಕಡಿಮೆ, ಈ ಮೂರರಲ್ಲಿ ಎರಡು ಆಗುತ್ತೆ, ಯಾವುದನ್ನು ಬಿಡಲಿ ನೀವೇ ಹೇಳಿ. ರಾತ್ರಿಯ ಕಾಲ್ ವಾರಕ್ಕೆ ಎರಡಕ್ಕೆ ಇಳಿಸಿ, ಉಳಿದ ದಿನ ಟೀಮಿನ ಬೇರೆಯವರು ಸರದಿಯಲ್ಲಿ ಕೂರಲಿ. ಇದನ್ನು ಮೇಲ್‌ನಲ್ಲಿ ಹಾಕಿ. ಬಾಯಿಮಾತು ಮರೆತುಹೋಗುತ್ತೆ.

ಇದರ ಬೆಲೆ ಏನು? ಮುಂದಿನ ವರ್ಷ ರೇಟಿಂಗ್ ಒಂದು ಮೆಟ್ಟಿಲು ಇಳಿಯಬಹುದು. ಇಳಿಯುವುದಿಲ್ಲ ಅಂತ ನಾನು ಸುಳ್ಳು ಹೇಳಲಾರೆ. ನೀವು ಕೈಬಿಟ್ಟ ಏನೋ ಒಂದು ಕೆಡುತ್ತೆ, ಯಾರೋ ಗೊಣಗುತ್ತಾರೆ. ಅದನ್ನು ನೋಡಿಕೊಂಡು ಸುಮ್ಮನಿರುವುದೇ ನಿಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಆ ಸಿಎ ಇದನ್ನು ಕಲಿಯಲು ನಾಲ್ಕು ತಿಂಗಳು ತೆಗೆದುಕೊಂಡರು. ಮಾತಿನ ಚಿಕಿತ್ಸೆ, ಅಂದರೆ ಕೌನ್ಸೆಲಿಂಗ್, ಇಲ್ಲಿ ಕೆಲಸಕ್ಕೆ ಬರುತ್ತೆ. ಆದರೆ ಆಫೀಸಿನಲ್ಲಿ ಏನೂ ಬದಲಾಗದೆ ನೀವೊಬ್ಬರೇ ಧ್ಯಾನ ಮಾಡಿ ಸರಿಹೋಗಬೇಕು ಅಂದರೆ ಅದು ಸೋರುವ ಸೂರಿನ ಕೆಳಗೆ ಬಕೆಟ್ ಬದಲಾಯಿಸಿದ ಹಾಗೆ.

ಮನೆಯೂ ಲೆಕ್ಕದಿಂದ ಹೊರಗಲ್ಲ. ಏಳರಿಂದ ಒಂಬತ್ತೂವರೆ ನಡುವೆ ನಿಮ್ಮ ಮನೆಯಲ್ಲಿ ಯಾರು ಏನು ಮಾಡುತ್ತಾರೆ ಅಂತ ನೀವು ಬರೆದಿಲ್ಲ. ಊಹಿಸಬಲ್ಲೆ. ಗಂಡನಿಗೆ ಕೊಡಗಿನ ಬದಲು ಮಂಗಳವಾರ ಮತ್ತು ಗುರುವಾರ ರಾತ್ರಿಯ ಅಡುಗೆ, ಮಗಳ ಹೋಂವರ್ಕ್ ವಹಿಸಿ. ‘ಸಹಾಯ ಮಾಡಿ’ ಅನ್ನಬೇಡಿ, ಪೂರ್ತಿ ಬಿಟ್ಟುಕೊಡಿ. ಏನು ಅಡುಗೆ ಅನ್ನುವ ಪ್ರಶ್ನೆಯೂ ನಿಮ್ಮ ಹತ್ತಿರ ಬರಬಾರದು. ಅತ್ತೆ ದೃಷ್ಟಿ ತೆಗೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದರಿಂದ ನಿದ್ದೆ ಬರುವುದಿಲ್ಲ, ನಿಜ. ಆದರೆ ಸೊಸೆಯ ಮುಖ ಬದಲಾಗಿದೆ ಅಂತ ಗಮನಿಸಿದರಲ್ಲ. ಟಾಪ್ ರೇಟಿಂಗ್ ಕೊಟ್ಟ ಕಂಪನಿ ಅಷ್ಟನ್ನೂ ಗಮನಿಸಿಲ್ಲ.

ಕೆಲಸ ಬಿಡುವ ಪ್ರಶ್ನೆ. ಈಗ ಬೇಡ ಅನ್ನುತ್ತೇನೆ. ಬಿಡಲೇಬಾರದು ಅಂತಲ್ಲ. ನಿದ್ದೆ ಕೆಟ್ಟ, ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಎಲ್ಲ ಬಾಗಿಲೂ ಮುಚ್ಚಿದ ಹಾಗೆ ಕಾಣುತ್ತೆ, ತೆಗೆದುಕೊಂಡ ತೀರ್ಮಾನ ಆಮೇಲೆ ನಮ್ಮದು ಅನಿಸುವುದಿಲ್ಲ. ನಾಲ್ಕರಿಂದ ಆರು ವಾರ ನಿದ್ದೆ ಸರಿಯಾಗಲಿ. ನಿಮ್ಮ ಕ್ಷೇತ್ರದಲ್ಲಿ ಮೂರು ತಿಂಗಳ ನೋಟಿಸ್ ಸಾಮಾನ್ಯ. ಇಂದು ರಾಜೀನಾಮೆ ಕೊಟ್ಟರೂ 90 ದಿನ ಅಲ್ಲೇ ಇರಬೇಕು, ಅದೂ ಕೈಬದಲು ಮಾಡುವ ಹೆಚ್ಚಿನ ಕೆಲಸದ ಜೊತೆ. ಆಮೇಲೆ ಆರು ತಿಂಗಳ ಉಳಿತಾಯ ಅಂದರೆ ಎರಡನೇ ತಿಂಗಳಿಂದಲೇ ಕಂತಿನ ಚಿಂತೆ. ಗಾಬರಿಯಲ್ಲಿ ಸಿಕ್ಕಿದ ಕೆಲಸ ಹಿಡಿದು ಅಲ್ಲೂ ಬೆಂಕಿ ಆರಿಸಲು ನಿಂತವರನ್ನು ಕಂಡಿದ್ದೇನೆ. ಹಾಗಂತ, ಲೆಕ್ಕ ಮುಂದಿಟ್ಟು ಮಾತಾಡಿದ ಮೇಲೂ ಎರಡು ಮೂರು ತಿಂಗಳಲ್ಲಿ ಏನೂ ಕದಲದಿದ್ದರೆ, ಅಥವಾ ಸುಳ್ಳು ಹೇಳಿ ನಡೆಸಬೇಕಾದ ಜಾಗ ಅದಾಗಿದ್ದರೆ ಹೊರಡುವುದೇ ಮದ್ದು. ಬೇರೆ ಕೆಲಸ ನೋಡಿಕೊಂಡು, ಎರಡು ಕೆಲಸದ ನಡುವೆ ಒಂದು ತಿಂಗಳು ಬಿಡುವು ಕೇಳಿ ಹೊರಡಿ.

ಮಾತ್ರೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬರ್ನ್‌ಔಟ್‌ಗೆ ಅಂತ ಮಾತ್ರೆ ಇಲ್ಲ. ಡಿಪ್ರೆಶನ್ ಇದ್ದರೆ ಇದೆ. ಅದು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ವಾಸಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ನಿದ್ದೆ ಮಾತ್ರೆಯ ಥರ ಚಟ ಹತ್ತಿಸುವುದಲ್ಲ, ಆದರೆ ನಾವೇ ಒಂದು ದಿನ ಎಸೆದುಬಿಡುವುದೂ ಸರಿಯಲ್ಲ.

ಕಂಪನಿಗೆ ಗೊತ್ತಾಗುತ್ತಾ? ವೈದ್ಯರು ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು. ನಿಜವಾಗಿ ಸೋರುವ ಜಾಗಗಳು ಬೇರೆ. ಕಂಪನಿಯ ಪೋರ್ಟಲ್‌ನಲ್ಲಿ ನೀವೇ ಅಪ್‌ಲೋಡ್ ಮಾಡುವ ಬಿಲ್ಲು, ರಜೆ ಅರ್ಜಿಗೆ ಅಂಟಿಸುವ ಸರ್ಟಿಫಿಕೇಟ್. ಬಿಲ್ಲನ್ನು ಕೈಯಿಂದ ಕಟ್ಟಿಕೊಳ್ಳಿ. ಸರ್ಟಿಫಿಕೇಟ್‌ನಲ್ಲಿ ಏನು ಬರೆಯಬೇಕು ಅಂತ ಬರೆಯುವ ಮೊದಲೇ ವೈದ್ಯರ ಜೊತೆ ಮಾತಾಡಿ.

ಎಷ್ಟು ದಿನ ಬೇಕು ಅಂದರೆ, ನನ್ನ ಅನುಭವದಲ್ಲಿ ವಾರಗಳ ಮಾತಲ್ಲ, ತಿಂಗಳುಗಳದು. ನಿದ್ದೆ ಮೊದಲು ಬರುತ್ತೆ. ಖುಷಿ ತಡವಾಗಿ ಬರುತ್ತೆ. ನಡುವೆ ಒಂದೆರಡು ಸಲ ಹಿಂದಕ್ಕೂ ಜಾರುತ್ತೀರಿ.

ಅಲ್ಲಿಯವರೆಗೆ ಅಮ್ಮನ ಫೋನ್ ಎತ್ತಲು ಆಗದಿದ್ದರೆ ಎತ್ತಬೇಡಿ. ‘ಮೀಟಿಂಗ್‌ನಲ್ಲಿದ್ದೀನಿ’ ಅಂತ ಮಾತ್ರ ಹಾಕಬೇಡಿ. ‘ಸುಸ್ತಾಗಿದೆ ಅಮ್ಮ, ಭಾನುವಾರ ನಾನೇ ಮಾಡ್ತೀನಿ’ ಅಂತ ಹಾಕಿ. ಅವರಿಗೆ ಗಾಬರಿ ಆಗಬಹುದು, ಮುಂದಿನ ಬಸ್ಸಿಗೆ ಹೊರಟೇ ಬರಬಹುದು. ಬಂದರೆ ಬರಲಿ ಬಿಡಿ.